ರಾತ್ರಿ ಒಂಬತ್ತೂವರೆಯ ಕಾಲ್

ಈ ಪ್ರಕರಣದಲ್ಲಿ ಯಾರ ಹೆಸರೂ ಇಲ್ಲ. ಮನೆ ಇರುವ ಜಾಗ, ಪ್ರಾಜೆಕ್ಟ್, ಕೆಲವು ಸಣ್ಣಪುಟ್ಟ ವಿವರ ಬದಲಿಸಿದ್ದೇನೆ. ತಾರೀಖು ಮತ್ತು ಗಂಟೆಗಳನ್ನು ಮಾತ್ರ ಮುಟ್ಟಿಲ್ಲ. ಅವನ್ನು ಬದಲಿಸಿದರೆ ಕತೆಯೇ ಅರ್ಥವಾಗುವುದಿಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡಬೇಕು. ನಾನು ಇದನ್ನು ದೂರದಲ್ಲಿ ನಿಂತು ನೋಡಿದವನಲ್ಲ. ಅದೇ ಕಂಪನಿಯಲ್ಲಿ ಪಕ್ಕದ ತಂಡದ ಮ್ಯಾನೇಜರ್ ಆಗಿದ್ದೆ. ಇದರಲ್ಲಿ ನನ್ನ ಪಾಲಿನ ತಪ್ಪೂ ಇದೆ. ಅದು ಮುಂದೆ ಬರುತ್ತದೆ.

ಹಿನ್ನೆಲೆ

ಬೆಂಗಳೂರಿನ ಔಟರ್ ರಿಂಗ್ ರೋಡಿನ ಒಂದು ಟೆಕ್ ಪಾರ್ಕಿನಲ್ಲಿ ಆಫೀಸು. ಕ್ಲೈಂಟ್ ಅಮೆರಿಕದ ಪಶ್ಚಿಮ ಕರಾವಳಿಯವರು. ಅವರ ಅಂಗಡಿಗಳಲ್ಲಿ ಯಾವ ಸರಕು ಎಷ್ಟಿದೆ ಎಂದು ಲೆಕ್ಕ ಇಡುವ ಸಾಫ್ಟ್‌ವೇರನ್ನು ಇಲ್ಲಿಂದ ನೋಡಿಕೊಳ್ಳುವ ಕೆಲಸ. ತಂಡದಲ್ಲಿ 14 ಜನ. ಅದರಲ್ಲಿ ಒಬ್ಬಳು ಲೀಡ್, ಅಂದರೆ ತಂಡದ ಕೆಲಸ ಮುನ್ನಡೆಸುವ ಎಂಜಿನಿಯರ್. 11 ವರ್ಷದ ಅನುಭವ. ಫ್ರೆಶರ್ ಆಗಿ ಸೇರಿದಾಗ ನನ್ನ ಕೈಕೆಳಗೇ ಇದ್ದಳು, ಹಾಗಾಗಿ ಇಲ್ಲಿ ಏಕವಚನದಲ್ಲೇ ಬರೆಯುತ್ತೇನೆ. ಅವಳಿಗಿಂತ ಮೂರು ವರ್ಷ ಕಿರಿಯವನಾದ ಒಬ್ಬ ಜೊತೆಗಾರ ಇದ್ದ. ಇಬ್ಬರ ಮೇಲೆ ಒಬ್ಬರು ಮ್ಯಾನೇಜರ್. ಅವರು ಕನ್ನಡದವರಲ್ಲ. ಅವರ ಮಾತುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

2022ರ ಕೊನೆಯಲ್ಲಿ ಅವಳು ಹೆರಿಗೆ ರಜೆಗೆ ಹೋದಳು. 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಸಿಗುತ್ತದೆ. ಮೊದಲು 12 ವಾರ ಇತ್ತು. ರಜೆ ವಿಷಯದಲ್ಲಿ ಕಂಪನಿ ಒಂದು ದಿನವೂ ಕೊಸರಾಡಲಿಲ್ಲ. ಕಾನೂನಿನ ಪ್ರಕಾರ 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಕ್ರೆಷ್ ಇರಬೇಕು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು. ಅದೂ ಇತ್ತು, ಚೆನ್ನಾಗಿಯೇ ಇತ್ತು. ಆದರೆ ಮನೆ ವಿಜಯನಗರದ ಕಡೆ ಅಂತ ಇಟ್ಟುಕೊಳ್ಳಿ. ಐದು ತಿಂಗಳ ಕೂಸನ್ನು ಕಟ್ಟಿಕೊಂಡು ಊರಿನ ಈ ತುದಿಯಿಂದ ಆ ತುದಿಗೆ ಒಂದೂಮುಕ್ಕಾಲು ಗಂಟೆ ಹೋಗಿ, ಮತ್ತೆ ಅಷ್ಟೇ ಹೊತ್ತು ವಾಪಸ್ ಬರುವವರು ಯಾರು? ಮಗು ಅತ್ತೆಯ ಹತ್ತಿರ ಉಳಿಯಿತು. ವಾರಕ್ಕೆ ಮೂರು ದಿನ ಇವಳು ಆಫೀಸಿಗೆ, ಎರಡು ದಿನ ಮನೆಯಿಂದ ಕೆಲಸ.

ರಜೆಗೆ ಹೋಗುವ ಮುಂಚೆ ಕ್ಲೈಂಟ್ ಜೊತೆಗಿನ ದಿನದ ಕಾಲ್ ನಡೆಸುತ್ತಿದ್ದವಳು ಅವಳೇ. ಅಲ್ಲಿಯ ಬೆಳಿಗ್ಗೆ ಎಂಟು, ನಮ್ಮ ರಾತ್ರಿ ಎಂಟೂವರೆ. ರಜೆಯಲ್ಲಿದ್ದಾಗ ಜೊತೆಗಾರ ಅದನ್ನು ನೋಡಿಕೊಂಡ.

2023ರ ಜೂನ್‌ನಲ್ಲಿ ವಾಪಸ್ ಬಂದ ಮೊದಲ ದಿನವೇ ಮ್ಯಾನೇಜರ್ ಕರೆದು ಹೇಳಿದರು: "ಮಗು ಚಿಕ್ಕದು. ರಾತ್ರಿ ಕಾಲ್ ಅವನೇ ಮುಂದುವರಿಸಲಿ. ನೀವು ರಾತ್ರಿ ಹೊತ್ತು ಬೀಳುತ್ತಿರುವ ಜಾಬ್‌ಗಳನ್ನು ಸರಿ ಮಾಡಿ. ಆರಾಮಾಗಿ ಮಾಡಿ."

ಇದರಲ್ಲಿ ಕುತಂತ್ರ ಇರಲಿಲ್ಲ. ಇವತ್ತಿಗೂ ನಾನು ಹಾಗೇ ನಂಬಿದ್ದೇನೆ. ಅವರಿಗೂ ಮಕ್ಕಳಿದ್ದರು. ಅವಳಿಗಂತೂ ಎದೆ ಮೇಲಿನ ಭಾರ ಇಳಿದಂತಾಯಿತು. "ಸರಿ, ಥ್ಯಾಂಕ್ಸ್" ಅಂದಳು. ಎಲ್ಲಿಯವರೆಗೆ ಅಂತ ಅವಳೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಒಂದು ಸಾಲಿನ ಮೇಲ್ ಕೂಡ ಹೋಗಲಿಲ್ಲ. ಈ ಪ್ರಕರಣದ ಮೊದಲ ತಿರುವು ಇದೇ. ಇಬ್ಬರೂ ಒಳ್ಳೆ ಮನಸ್ಸಿನಿಂದ ತಲೆಯಾಡಿಸಿದರು, ಅಷ್ಟೇ.

ಸಮಸ್ಯೆ ಶುರುವಾದದ್ದು

ಅವಳ ಕೆಲಸ ಹೇಗಿತ್ತು ನೋಡಿ. ಜಾಬ್ ಅಂದರೆ ಇಲ್ಲಿ ತಾನಾಗಿಯೇ ಓಡುವ ಪ್ರೋಗ್ರಾಂ. ದಿನಾ ರಾತ್ರಿ ಅಂಗಡಿಗಳ ಲೆಕ್ಕವನ್ನು ಕೇಂದ್ರದ ಲೆಕ್ಕದ ಜೊತೆ ತಾಳೆ ಮಾಡುವ ಜಾಬ್‌ಗಳು ಓಡುತ್ತವೆ. ಅವು ತಿಂಗಳಿಗೆ ಹದಿನೈದು ಇಪ್ಪತ್ತು ಸಲ ನಡುವೆ ನಿಂತುಬಿಡುತ್ತಿದ್ದವು. ಆಗ ಬೆಳಗಿನ ಜಾವ ಯಾರಿಗೋ ಫೋನ್ ಹೋಗುತ್ತಿತ್ತು. ಅವಳು ನಾಲ್ಕು ತಿಂಗಳು ಕೂತು, ಜಾಬ್ ನಿಂತರೆ ಎಲ್ಲಿ ನಿಂತಿತೋ ಅಲ್ಲಿಂದಲೇ ಮತ್ತೆ ಶುರುವಾಗುವ ಹಾಗೆ ಮಾಡಿದಳು. ಅಕ್ಟೋಬರ್ ಹೊತ್ತಿಗೆ ಅಂಥ ಫೋನು ತಿಂಗಳಿಗೆ ಎರಡೋ ಮೂರೋ.

ಕೆಟ್ಟದ್ದನ್ನು ಸರಿ ಮಾಡಿದವರ ಪಾಡು ಗೊತ್ತಲ್ವಾ? ಬೆಂಕಿ ಆರಿಸಿದವನಿಗೆ ಚಪ್ಪಾಳೆ ಸಿಗುತ್ತದೆ. ಬೆಂಕಿ ಬೀಳದ ಹಾಗೆ ನೋಡಿಕೊಂಡವರು ಏನು ಮಾಡಿದರು ಅಂತ ಯಾರಿಗೂ ಕಾಣುವುದಿಲ್ಲ. ಫೋನ್ ಬರುವುದು ನಿಂತಿತು. ಎಲ್ಲರೂ ನಿದ್ದೆ ಮಾಡಿದರು. ಯಾಕೆ ನಿಂತಿತು ಅಂತ ಯಾರೂ ಕೇಳಲಿಲ್ಲ.

ಅದೇ ಹೊತ್ತಿಗೆ ಅವಳ ಬೆಳಗುಗಳು ಬದಲಾದವು. ಲ್ಯಾಪ್‌ಟಾಪ್ ತೆರೆದರೆ "ನಿನ್ನೆ ಕಾಲ್‌ನಲ್ಲಿ ತೀರ್ಮಾನ ಆಯಿತು" ಎಂದು ಶುರುವಾಗುವ ಮೆಸೇಜು ಕಾಯುತ್ತಿರುತ್ತಿತ್ತು. ಅವಳ ಮಾಡ್ಯೂಲಿನ ಬಗ್ಗೆ, ಅಂದರೆ ಸಾಫ್ಟ್‌ವೇರಿನಲ್ಲಿ ಅವಳ ಪಾಲಿನ ಭಾಗದ ಬಗ್ಗೆ, ಅವಳಿಲ್ಲದ ಹೊತ್ತಲ್ಲಿ ತೀರ್ಮಾನ. ಇನ್ನೊಂದು ಜಾಗ ಸಂಜೆ ನಾಲ್ಕೂವರೆಯ ಟೀ. ಪಾರ್ಕಿನ ಗೇಟಿನ ಹೊರಗೆ ಟೀ ಅಂಗಡಿ. ಮ್ಯಾನೇಜರ್, ಜೊತೆಗಾರ, ಇನ್ನಿಬ್ಬರು ಅಲ್ಲಿಗೆ ಹೋಗುತ್ತಿದ್ದರು. ಟ್ರಾಫಿಕ್ ಕಟ್ಟಿಕೊಳ್ಳುವ ಮುಂಚೆ ಮನೆ ಸೇರಬೇಕೆಂದು ಅವಳು ನಾಲ್ಕಕ್ಕೇ ಹೊರಟು, ಉಳಿದ ಕೆಲಸ ಮನೆಯಿಂದ ಮಾಡುತ್ತಿದ್ದಳು. ಟೀ ಕುಡಿಯುತ್ತಾ ಯಾರೂ ಸಂಚು ಮಾಡುವುದಿಲ್ಲ, ಕ್ರಿಕೆಟ್ ಮಾತಾಡುತ್ತಾರೆ. ನಡುವೆ ಒಂದು ಮಾತು ಬರುತ್ತದೆ, "ಆ ಹೊಸ ಕೆಲಸ ನೀನೇ ತಗೋ". ಅಲ್ಲಿಗೆ ಮುಗಿಯಿತು.

ಅಕ್ಟೋಬರ್ 9ಕ್ಕೆ ನೇರಳೆ ಮೆಟ್ರೋದಲ್ಲಿ ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರದವರೆಗಿನ ತುಂಡು ತೆರೆಯಿತು. ಮನೆಯ ಹತ್ತಿರ ಹತ್ತಿದರೆ ನೇರ ಕೆ.ಆರ್. ಪುರ, ಅಲ್ಲಿಂದ ಬಸ್ಸು. ದಿನಕ್ಕೆ ಮುಕ್ಕಾಲು ಗಂಟೆ ಉಳಿಯಿತು. ಆ ಮುಕ್ಕಾಲು ಗಂಟೆ ಮಗುವಿಗೆ ಅಂತ ಅವಳು ಲೆಕ್ಕ ಹಾಕಿದ್ದಳು. ಒಂದು ತಿಂಗಳೂ ಆಗಲಿಲ್ಲ.

ಮೊದಲ ಪ್ರಯತ್ನ: ಇನ್ನೂ ಜಾಸ್ತಿ ದುಡಿಯುವುದು

2023ರ ನವೆಂಬರ್ 5, ಭಾನುವಾರ. ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು. ಅಮೆರಿಕದ ಕ್ಲೈಂಟ್ ಇರುವ ಪ್ರತಿ ಮನೆಯಲ್ಲೂ ಈ ದಿನ ಗೊತ್ತು. ಎಂಟೂವರೆಯ ಕಾಲ್ ಸೋಮವಾರದಿಂದ ಒಂಬತ್ತೂವರೆಗೆ ಬಂತು, ಮಾರ್ಚ್‌ವರೆಗೆ ಹಾಗೇ.

ಮ್ಯಾನೇಜರ್ ಅವಳಿಗೆ ಹೇಳಿದರು: "ಈಗ ಒಂಬತ್ತೂವರೆ ಅಲ್ವಾ? ಅಷ್ಟು ಹೊತ್ತಿಗೆ ಮಗು ಮಲಗಿರುತ್ತದೆ. ಬೇಕಿದ್ದರೆ ನೀವೂ ಸೇರಬಹುದು." ಮತ್ತೆ ಒಳ್ಳೆ ಮನಸ್ಸಿನದೇ ಮಾತು. "ಮ್ಯಾನೇಜ್ ಮಾಡ್ಕೊತೀನಿ" ಅಂದಳು. ನಮ್ಮ ಆಫೀಸುಗಳಲ್ಲಿ ಇಷ್ಟು ಜನರ ಆರೋಗ್ಯ ಹಾಳು ಮಾಡಿದ ಮಾತು ಇನ್ನೊಂದಿಲ್ಲ ಅಂತ ನನಗನಿಸುತ್ತದೆ.

ಹತ್ತು ವಾರ ಕಾಲ್‌ನಲ್ಲಿ ಕೂತಳು. ಬೆಳಿಗ್ಗೆ ಎಂಟೂವರೆಗೆ ಶುರುವಾದ ದಿನ ರಾತ್ರಿ ಹತ್ತೂವರೆ, ಹನ್ನೊಂದಕ್ಕೆ ಮುಗಿಯುತ್ತಿತ್ತು. ಮಗು ರಾತ್ರಿ ಎರಡಕ್ಕೆ ಒಂದು ಸಲ, ಐದಕ್ಕೆ ಒಂದು ಸಲ ಏಳುತ್ತಿತ್ತು. ಕಾಲ್‌ನಲ್ಲಿ ಇದ್ದರೂ ಹೆಚ್ಚಿನ ಹೊತ್ತು ಮ್ಯೂಟ್. ಹೆಚ್ಚುಕಡಿಮೆ ಒಂದು ವರ್ಷದಿಂದ ಜೊತೆಗಾರನ ದನಿಗೆ ಒಗ್ಗಿಹೋಗಿದ್ದ ಕ್ಲೈಂಟ್ ಅವನನ್ನೇ ಕೇಳುತ್ತಿದ್ದರು. ಅತ್ತೆ ಒಂದು ದಿನ ಅಡುಗೆಮನೆಯಲ್ಲಿ ಹೇಳಿದರಂತೆ: "ಕೂಸು ನಿನ್ನ ಮುಖಕ್ಕಿಂತ ಆ ಡಬ್ಬದ ಬೆಳಕೇ ಜಾಸ್ತಿ ನೋಡ್ತದೆ ಕಣೇ." ಬೈದದ್ದಲ್ಲ, ಕಂಡದ್ದು ಹೇಳಿದ್ದು. ಅದಕ್ಕೇ ಅದು ಅವಳಿಗೆ ಜಾಸ್ತಿ ನಾಟಿತು.

ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದದ್ದು ಅದೇ ಅಕ್ಟೋಬರ್ ಕೊನೆಯಲ್ಲಿ. ಡಿಸೆಂಬರ್ ಬಂದರೂ ಕ್ಯಾಂಟೀನಿನಲ್ಲಿ ಅದೇ ಚರ್ಚೆ. ಅವಳು ಮೊಸರನ್ನ ಕಲಸುತ್ತಾ ಲೆಕ್ಕ ಹಾಕಿದಳು. "ಮೆಟ್ರೋ, ಬಸ್ಸು ಸೇರಿಸಿದ್ರೆ ನಾನು ಆಗ್ಲೇ 65ರ ಹತ್ರ ಇದೀನಿ. ಇನ್ನು ಐದೇ ಬಾಕಿ."

ಇಲ್ಲಿ ಕಾನೂನು ಏನನ್ನುತ್ತದೆ? 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಓವರ್‌ಟೈಮ್ ಮೂರು ತಿಂಗಳಿಗೆ 50 ಗಂಟೆ ದಾಟಬಾರದು, ಅದಕ್ಕೆ ಎರಡು ಪಟ್ಟು ಸಂಬಳ ಕೊಡಬೇಕು. ದಿನಕ್ಕೆ ಎರಡು ಗಂಟೆ ಹೆಚ್ಚು ಅಂದರೂ ಅವಳ 50 ಗಂಟೆ ಐದು ವಾರಕ್ಕೇ ಮುಗಿದಿತ್ತು. ಆದರೆ ಮ್ಯಾನೇಜ್‌ಮೆಂಟ್ ಹುದ್ದೆಯಲ್ಲಿ ಇರುವವರಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಹಾಗಾದರೆ ಲೀಡ್ ಯಾರು? ಕೆಲಸ ಮಾಡಿಸುವಾಗ ಎಂಜಿನಿಯರ್, ಗಂಟೆ ಕೇಳಿದಾಗ ಮ್ಯಾನೇಜ್‌ಮೆಂಟ್. ರಾತ್ರಿ ಕಾಲನ್ನು ಓವರ್‌ಟೈಮ್ ಅಂತ ಬರೆದುಕೊಂಡವರನ್ನು ನನ್ನ ಇಪ್ಪತ್ತು ವರ್ಷದಲ್ಲಿ ನಾನು ಒಬ್ಬರನ್ನೂ ನೋಡಿಲ್ಲ. ಮುಂದೆ 2024ರ ಜುಲೈನಲ್ಲಿ ಐಟಿಯವರಿಗೆ ಆ 50 ಗಂಟೆಯನ್ನು 125ಕ್ಕೆ ಏರಿಸುವ ಪ್ರಸ್ತಾವ ಬಂದು, ಐಟಿ ನೌಕರರ ಸಂಘ ವಿರೋಧಿಸಿ ದೊಡ್ಡ ಗದ್ದಲವಾಯಿತು. ಅವಳು ಆ ಸುದ್ದಿ ಓದಿ ಕೇಳಿದ್ದು ಒಂದೇ ಪ್ರಶ್ನೆ: "ಈಗಿರೋ 50 ಅನ್ನ ಎಣಿಸ್ತಿರೋರು ಯಾರು?"

ಜನವರಿ ಮಧ್ಯದಲ್ಲಿ ಮಗುವಿಗೂ ಅವಳಿಗೂ ಒಟ್ಟಿಗೆ ಜ್ವರ ಬಂತು. ಕಾಲ್ ಬಿಟ್ಟಳು. "ಪರವಾಗಿಲ್ಲ, ಆರೋಗ್ಯ ನೋಡಿಕೊಳ್ಳಿ" ಅಂದರು ಮ್ಯಾನೇಜರ್. ಎರಡನೇ ಉಪಕಾರ ಅವಳ ಖಾತೆಗೆ ಬಿತ್ತು.

"ಅಂಡ್ ಟೀಮ್"

ಜನವರಿ ಕೊನೆಗೆ ಕ್ಲೈಂಟ್ ಕಡೆಯ ದೊಡ್ಡವರೊಬ್ಬರು ಬೆಂಗಳೂರಿಗೆ ಬಂದರು. ರಾತ್ರಿ ಫೋನುಗಳು ಹೇಗೆ ಕಡಿಮೆಯಾದವು ಎಂದು ಅವರಿಗೆ ತೋರಿಸಬೇಕಿತ್ತು. ತೋರಿಸಿದವನು ಜೊತೆಗಾರ. ಅವಳು ಬರೆದ ಡಿಸೈನ್ ಏಳನೇ ಸ್ಲೈಡಿನಲ್ಲಿತ್ತು. ಅವತ್ತು ಅವಳು ಮನೆಯಿಂದ ಕೆಲಸ ಮಾಡುವ ದಿನ. ಸಂಜೆ ಇಡೀ ವಿಭಾಗಕ್ಕೆ ಮೇಲ್ ಬಂತು. ಅಭಿನಂದನೆ ಅವನ ಹೆಸರಿಗೆ, ಪಕ್ಕದಲ್ಲಿ "ಅಂಡ್ ಟೀಮ್".

ಮರುದಿನ ಅವನನ್ನೇ ನೇರವಾಗಿ ಕೇಳಿದಳು. ಇದು ಅವಳು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು. ಹೆಚ್ಚಿನವರು ಕೇಳುವುದಿಲ್ಲ, ಒಳಗೇ ಇಟ್ಟುಕೊಂಡು ಕುದಿಯುತ್ತಾರೆ. ಅವನು ಅಂದ: "ನಾನೇನ್ ಮಾಡ್ಲಿ ಅಕ್ಕಾ? ಮೀಟಿಂಗಿಗೆ ಹಿಂದಿನ ರಾತ್ರಿ ನಂಗೆ ಹೇಳಿದ್ರು. ಟೀಮ್ ಮಾಡಿದ್ದು ಅಂತಾನೇ ಹೇಳ್ದೆ." ಅದು ನಿಜವೇ. ಟೀಮ್ ಅಂತಲೇ ಹೇಳಿದ್ದ. ಅವಳ ಹೆಸರು ಹೇಳಿರಲಿಲ್ಲ.

ಅವನನ್ನು ಈ ಕತೆಯ ವಿಲನ್ ಮಾಡುವುದು ಸುಲಭ. ಅವನ ಕಡೆಯಿಂದಲೂ ನೋಡಬೇಕು. ಅವನ ಅಪ್ಪನಿಗೆ ಊರಿನಲ್ಲಿ ಹುಷಾರಿರಲಿಲ್ಲ. ಹೊಸ ಫ್ಲ್ಯಾಟಿನ ಇಎಂಐ ಇತ್ತು. ವರ್ಷದಿಂದ ಅವನು ಮನೆಯವರ ಜೊತೆ ಕೂತು ರಾತ್ರಿ ಊಟ ಮಾಡಿರಲಿಲ್ಲ. ಅವನ ಹೆಂಡತಿ ಒಮ್ಮೆ ಆಫೀಸಿನ ಫ್ಯಾಮಿಲಿ ಡೇ ದಿನ ನನ್ನ ಹತ್ತಿರ "ಸರ್, ಆ ಕಾಲ್ ಬೇರೆ ಯಾರಿಗಾದ್ರೂ ಕೊಡಿಸಿ" ಅಂದಿದ್ದರು. ಕಾಲ್ ಬಿಟ್ಟರೆ ಜಾಗ ಹೋಗುತ್ತದೆ ಎಂಬ ಭಯ ಅವನಿಗೆ. ಅವಳ ಗತಿ ಕಣ್ಣೆದುರಿಗೇ ಇತ್ತಲ್ಲ.

ಎಚ್‌ಆರ್‌ಗೆ ಬರೆದದ್ದು

ಫೆಬ್ರವರಿಯಲ್ಲಿ ಒಂದು ರಾತ್ರಿ ಒಂದು ಗಂಟೆಗೆ ಅವಳು ಎಚ್‌ಆರ್‌ಗೆ ಮೇಲ್ ಕಳಿಸಿದಳು. ಎರಡು ಪುಟ. ಟೀ, ಕಾಲ್, ಸ್ಲೈಡ್, ಕ್ರೆಷ್, ಟ್ರಾಫಿಕ್, ಎಲ್ಲ ಒಂದರ ಮೇಲೊಂದು. ನಂತರ ಅದನ್ನು ನನಗೆ ತೋರಿಸಿದಳು. ಬರೆದದ್ದೆಲ್ಲ ಸತ್ಯ. ಆದರೆ ಅದರಲ್ಲಿ ಏನು ಬೇಕು ಅಂತ ಒಂದು ಸಾಲೂ ಇರಲಿಲ್ಲ. ಓದಿದವರಿಗೆ ನೋವು ತಿಳಿಯುತ್ತಿತ್ತು, ಮಾಡಬೇಕಾದ್ದು ತಿಳಿಯುತ್ತಿರಲಿಲ್ಲ.

ಎಚ್‌ಆರ್ ಮಾಡಿದ್ದು ಅವರು ಯಾವಾಗಲೂ ಮಾಡುವುದನ್ನೇ. ಮೂವರನ್ನು ಒಂದು ರೂಮಿನಲ್ಲಿ ಕೂರಿಸಿದರು. ಮೇಲ್‌ನ ಸಾರ ಮ್ಯಾನೇಜರ್‌ಗೆ ಮೊದಲೇ ಹೋಗಿತ್ತು. ಅವರಿಗೆ ನಿಜವಾಗಿ ನೋವಾಗಿತ್ತು. "ನಾನು ಇವರಿಗೆ ಎರಡೆರಡು ಸಲ ಅಕಾಮಡೇಟ್ ಮಾಡಿದ್ದೇನೆ" ಅಂದರು. ರಿಯಾಯಿತಿ ಕೊಟ್ಟಿದ್ದೇನೆ ಅಂತ ಅರ್ಥ. ಅರ್ಧ ಗಂಟೆಯಲ್ಲಿ ಸಭೆ ಮುಗಿಯಿತು. "ಮುಕ್ತವಾಗಿ ಮಾತಾಡಿಕೊಳ್ಳಿ" ಎಂಬ ಸಲಹೆಯ ಮೇಲ್ ಬಂತು. ಅಲ್ಲಿಂದ ಹೊರಗೆ ಬಂದದ್ದು ಆ ಒಂದು ಪದ. ಅವಳು ಕೆಲಸ ಮಾಡುವ ಲೀಡ್ ಆಗಿದ್ದವಳು ಅಕಾಮಡೇಟ್ ಮಾಡಿಸಿಕೊಂಡ ಲೀಡ್ ಆದಳು.

ನಾಲ್ಕು ನಿಮಿಷ

ಮಾರ್ಚ್ ಕೊನೆಯ ವಾರ ಕ್ಯಾಲಿಬ್ರೇಷನ್. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪ್ರತಿ ಮ್ಯಾನೇಜರ್ ತಮ್ಮ ತಂಡದವರಿಗೆ ಒಂದು ರೇಟಿಂಗ್ ಹಾಕಿಕೊಂಡು ಬರುತ್ತಾರೆ. ಎಲ್ಲವನ್ನೂ ಒಂದೇ ಎಕ್ಸೆಲ್ ಹಾಳೆಯಲ್ಲಿ ಇಟ್ಟು ಬೆಲ್ ಕರ್ವ್‌ಗೆ, ಅಂದರೆ ಯಾವ ರೇಟಿಂಗ್ ಎಷ್ಟು ಜನಕ್ಕೆ ಅಂತ ಮೊದಲೇ ಗೊತ್ತುಮಾಡಿದ ಲೆಕ್ಕಕ್ಕೆ, ಕೂರಿಸಬೇಕು. ನಮ್ಮ ವಿಭಾಗದಲ್ಲಿ 38 ಜನ, ಮೇಲಿನ ರೇಟಿಂಗ್‌ಗೆ ಐದು ಜಾಗ. ಕೇಳುವವರು ಒಂಬತ್ತು ಜನ ಇದ್ದರೆ ನಾಲ್ವರನ್ನು ಕೆಳಗಿಳಿಸಬೇಕು. ಸಂತೆಯಲ್ಲಿ ಎಮ್ಮೆ ಚೌಕಾಸಿ ಮಾಡಿದ ಹಾಗೆ ಇರುತ್ತದೆ. ಆ ಎಮ್ಮೆಯಾದರೂ ಎದುರಿಗೆ ನಿಂತಿರುತ್ತದೆ.

ಅವಳ ಹೆಸರು ಬಂತು. ಮ್ಯಾನೇಜರ್ ಹೇಳಿದರು: "ತುಂಬಾ ಒಳ್ಳೆಯ ಎಂಜಿನಿಯರ್. ಆದರೆ ಈ ವರ್ಷ ಕೆಲವು ತೊಂದರೆ ಇದ್ದವು. ಹಗುರ ಕೆಲಸ ಇರಲಿ ಅಂತ ಅವರೂ ಒಪ್ಪಿದ್ದರು." ಯಾರೋ "ರಾತ್ರಿ ಜಾಬ್ ಕೆಲಸ ಮಾಡಿದ್ದು ಅವರಲ್ವಾ?" ಅಂದರು. "ಅದು ಟೀಮಿನ ಕೆಲಸ" ಎಂಬ ಉತ್ತರ ಬಂತು. ಮಧ್ಯದ ರೇಟಿಂಗ್. ಮುಂದಿನ ಹೆಸರು. ನಾಲ್ಕು ನಿಮಿಷ ಆಗಿರಬಹುದು.

ಆ ರೂಮಿನಲ್ಲಿ ನಾನಿದ್ದೆ. ಆ ಡಿಸೈನನ್ನು ಅವಳು ಬರೆಯುವಾಗ ಎರಡು ಸಲ ನನ್ನ ಹತ್ತಿರ ಚರ್ಚೆ ಮಾಡಿದ್ದಳು. ಅದು ಯಾರ ಕೆಲಸ ಅಂತ ಆ ರೂಮಿನಲ್ಲಿ ನನಗಿಂತ ಚೆನ್ನಾಗಿ ಗೊತ್ತಿದ್ದವರು ಇರಲಿಲ್ಲ. ನಾನು ಬಾಯಿ ಬಿಡಲಿಲ್ಲ. ನನ್ನ ತಂಡದ ಇಬ್ಬರ ಹೆಸರು ಆ ಐದು ಜಾಗಕ್ಕೆ ಇನ್ನೂ ಬಾಕಿ ಇತ್ತು. ಬೇರೆ ಮ್ಯಾನೇಜರನ್ನು ಈಗ ಎದುರು ಹಾಕಿಕೊಂಡರೆ ಹತ್ತು ನಿಮಿಷ ಬಿಟ್ಟು ಅವರು ನನ್ನವರನ್ನು ಹಿಡಿಯುತ್ತಾರೆ. ಈ ಲೆಕ್ಕ ಎಷ್ಟು ಬೇಗ ತಲೆಯಲ್ಲಿ ಓಡಿತು ಅಂದರೆ, ಅದನ್ನು ತೀರ್ಮಾನ ಅಂತ ಕರೆಯಲೂ ಆಗದು. ಆಫೀಸ್ ಪಾಲಿಟಿಕ್ಸ್ ಅಂದರೆ ಯಾರೋ ಬೇರೆಯವರು ಮಾಡುವ ಕೆಲಸ ಅಂತ ಅಲ್ಲಿಯವರೆಗೆ ನಾನು ತಿಳಿದಿದ್ದೆ.

ರಾಜೀನಾಮೆಯ ಡ್ರಾಫ್ಟ್

ಏಪ್ರಿಲ್ ಮಧ್ಯದಲ್ಲಿ ರೇಟಿಂಗ್ ಪತ್ರ ಬಂತು. ಜೊತೆಗಾರನಿಗೆ ಮೇಲಿನ ರೇಟಿಂಗ್. ಅವಳು ಲ್ಯಾಪ್‌ಟಾಪ್ ಹಿಡಿದು ನನ್ನ ಹತ್ತಿರ ಬಂದಳು. ರಾಜೀನಾಮೆ ಬರೆದಾಗಿತ್ತು. "ಒಂದ್ಸಲ ಓದಿ ಹೇಳಿ, ಕಳಿಸ್ತೀನಿ."

ನಾನು ಮೊದಲು ಕ್ಯಾಲಿಬ್ರೇಷನ್ ರೂಮಿನ ವಿಷಯ ಹೇಳಿದೆ. ಅಲ್ಲಿಯ ಮಾತು ಹೊರಗೆ ಹೇಳಬಾರದು ಎಂಬ ನಿಯಮ ಇದೆ. ಬೇರೆಯವರು ಏನಂದರು ಅಂತ ಹೇಳಲಿಲ್ಲ. ನಾನು ಸುಮ್ನೆ ಕೂತಿದ್ದೆ ಅಂತ ಮಾತ್ರ ಹೇಳಿದೆ. ಅವಳು ತುಂಬಾ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ನೀವೂನಾ?" ಅಂದಳು. ಅಷ್ಟೇ.

ಬಿಡುವುದಾದರೂ 90 ದಿನದ ನೋಟಿಸ್ ಪೀರಿಯಡ್ ಇತ್ತು. ಒಂದು ವಾರ ತಡೆದರೆ ನಷ್ಟ ಏನಿಲ್ಲ. ಆ ವಾರ ಇಬ್ಬರೂ ಕೂತು ಒಂದು ಕೆಲಸ ಮಾಡಿದೆವು. ಫೆಬ್ರವರಿ, ಮಾರ್ಚ್ ಎರಡು ತಿಂಗಳಲ್ಲಿ ಅವಳ ಮಾಡ್ಯೂಲಿನ ಬಗ್ಗೆ ಆದ ತೀರ್ಮಾನಗಳನ್ನು ಟಿಕೆಟ್‌ಗಳಿಂದ (ಒಂದೊಂದು ಕೆಲಸಕ್ಕೂ ಕಂಪ್ಯೂಟರಿನಲ್ಲಿ ಇಡುವ ದಾಖಲೆ), ಮೇಲ್‌ಗಳಿಂದ ಹೆಕ್ಕಿದೆವು. ಒಟ್ಟು 27 ಸಿಕ್ಕವು. ರಾತ್ರಿ ಕಾಲ್‌ನಲ್ಲಿ ಆದದ್ದು 19. ಸಂಜೆ ಐದರ ಸುಮಾರಿಗೆ "ಮಾತಾಡಿದ ಹಾಗೆ" ಅಂತ ಬಂದ ಮೆಸೇಜಿನಲ್ಲಿ ಇದ್ದದ್ದು 5, ಅಂದರೆ ಟೀ ಅಂಗಡಿಯವು. ಅವಳು ಕೂತಿದ್ದ ಮೀಟಿಂಗಿನಲ್ಲಿ ಆದದ್ದು 3.

ಈ ಹಾಳೆ ಅವಳ ಕೋಪದ ದಿಕ್ಕು ಬದಲಿಸಿತು. ಅಲ್ಲಿಯವರೆಗೆ "ಇವರು ನನಗೆ ಯಾಕೆ ಹೀಗೆ ಮಾಡ್ತಿದ್ದಾರೆ" ಅಂತ ಕೇಳಿಕೊಳ್ಳುತ್ತಿದ್ದಳು. ಹಾಳೆ ನೋಡಿದ ಮೇಲೆ, ಆ 19 ತೀರ್ಮಾನ ಹಗಲಿಗೆ ಬರಬೇಕಾದರೆ ಏನು ಮಾಡಬೇಕು ಅಂತ ಯೋಚಿಸಿದಳು. ಮ್ಯಾನೇಜರ್‌ಗೆ ಒಂದು ಪುಟದ ಮೇಲ್ ಹೋಯಿತು, ಬೆಳಿಗ್ಗೆ ಹನ್ನೊಂದಕ್ಕೆ. ಕೇಳಿದ್ದು ಎರಡೇ. ರಾತ್ರಿ ಕಾಲನ್ನು ನಾಲ್ವರು ವಾರಕ್ಕೊಬ್ಬರಂತೆ ಸರದಿಯಲ್ಲಿ ಮಾಡೋಣ, ನನ್ನ ವಾರ ನಾನು ಮಾಡುತ್ತೇನೆ. ರಾತ್ರಿಯ ತೀರ್ಮಾನವನ್ನು ಬೆಳಿಗ್ಗೆ ಹನ್ನೊಂದರೊಳಗೆ ಟಿಕೆಟ್‌ನಲ್ಲಿ ಬರೆಯೋಣ, ಸಂಜೆ ನಾಲ್ಕರವರೆಗೆ ಯಾರು ಬೇಕಾದರೂ ಪ್ರಶ್ನೆ ಕೇಳಲಿ, ಆಮೇಲೆ ಪಕ್ಕಾ. ಮಗು ಎಂಬ ಪದ ಆ ಮೇಲ್‌ನಲ್ಲಿ ಇರಲಿಲ್ಲ. ಬೇಕೆಂದೇ ತೆಗೆದಿದ್ದಳು.

ಮ್ಯಾನೇಜರ್ "ನೋಡೋಣ" ಅಂದರು. ಮೂರು ವಾರ ಏನೂ ಆಗಲಿಲ್ಲ.

ಬದಲಾವಣೆ ಬಂದದ್ದು ಆ ಮೇಲ್‌ನಿಂದ ಅಂತ ಹೇಳಲು ನನಗೂ ಆಸೆ. ಹಾಗಾಗಲಿಲ್ಲ. ಮೇ ತಿಂಗಳಲ್ಲಿ ಜೊತೆಗಾರನ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದರು. ಅವನು ಎರಡು ವಾರ ಊರಿಗೆ ಹೋದ. ರಾತ್ರಿ ಕಾಲ್ ಮ್ಯಾನೇಜರ್ ತಲೆಗೆ ಬಂತು. ಮಾರ್ಚ್ 10ಕ್ಕೆ ಅಲ್ಲಿಯ ಗಡಿಯಾರ ಮುಂದೆ ಹೋಗಿದ್ದರಿಂದ ಕಾಲ್ ಮತ್ತೆ ಎಂಟೂವರೆಗಿತ್ತು. ಆದರೂ ಒಂಬತ್ತು ರಾತ್ರಿ ಅವರು ಊಟದ ತಟ್ಟೆ ಪಕ್ಕಕ್ಕಿಟ್ಟು ಕೂರಬೇಕಾಯಿತು. ಮೇಲಾಗಿ ಹಿಂದಿನ ರಾತ್ರಿಗಳಲ್ಲಿ ಏನು ತೀರ್ಮಾನವಾಗಿತ್ತು ಎಂಬುದು ಎಲ್ಲೂ ಬರೆದಿರಲಿಲ್ಲ. ಎಲ್ಲ ಜೊತೆಗಾರನ ತಲೆಯಲ್ಲಿತ್ತು, ಅವನು ಐಸಿಯು ಹೊರಗಿನ ಬೆಂಚಿನ ಮೇಲಿದ್ದ. ನಾಲ್ಕನೇ ದಿನ ಮ್ಯಾನೇಜರ್ ಅವಳ ಮೇಲ್ ಹುಡುಕಿ ತೆಗೆದರು. ಅದು ಸಿದ್ಧವಾಗಿ ಇತ್ತು, ಮಾಡಬೇಕಾದ್ದು ಅದರಲ್ಲಿ ಎರಡೇ ಸಾಲಿನಲ್ಲಿತ್ತು. ಜೂನ್‌ನಿಂದ ಸರದಿ ಶುರುವಾಯಿತು.

ಆಮೇಲೆ

ಅವಳ ವಾರದಲ್ಲಿ ಗಂಡ ಬ್ಯಾಂಕಿನಿಂದ ಏಳೂವರೆಗೆ ಮನೆಗೆ ಬರಲೇಬೇಕು ಅಂತ ಒಪ್ಪಂದವಾಯಿತು. ಮೊದಲ ವಾರ ಕ್ಲೈಂಟ್‌ಗೆ ಅವಳ ಹೆಸರು ಹೇಳಲೂ ಬರುತ್ತಿರಲಿಲ್ಲ. ಆಗಸ್ಟ್ ಹೊತ್ತಿಗೆ ರಾತ್ರಿ ಜಾಬ್ ವಿಷಯ ಬಂದರೆ "ಅವರ ವಾರ ಬರಲಿ, ಆಗ ಕೇಳೋಣ" ಅನ್ನುವಂತಾಯಿತು. ಜೊತೆಗಾರ ಒಂದು ದಿನ ಟೀ ಅಂಗಡಿಯಲ್ಲಿ ನನಗೆ ಹೇಳಿದ್ದು ನೆನಪಿದೆ: "ನಾನೇ ಕೇಳ್ಬೇಕಿತ್ತು ಸರ್ ಇದನ್ನ. ಧೈರ್ಯ ಬರ್ಲಿಲ್ಲ."

ರೇಟಿಂಗ್ ಬದಲಾಗಲಿಲ್ಲ. ಆ ವರ್ಷದ ಹೈಕ್, ಅಂದರೆ ಸಂಬಳದ ಏರಿಕೆ, ಕಡಿಮೆಯೇ ಉಳಿಯಿತು. ಮುಂದಿನ ವರ್ಷಗಳ ಹೈಕ್ ಲೆಕ್ಕವೂ ಅದರ ಮೇಲೆಯೇ ಕಟ್ಟುವುದರಿಂದ ಆ ನಾಲ್ಕು ನಿಮಿಷದ ಬೆಲೆ ಅವಳು ಇನ್ನೂ ಕಟ್ಟುತ್ತಿದ್ದಾಳೆ.

ಸರದಿಯೂ ಉಳಿಯಲಿಲ್ಲ. ಸೆಪ್ಟೆಂಬರ್‌ನಲ್ಲಿ ಮ್ಯಾನೇಜರ್ ಬೇರೆ ಕಡೆ ಹೋದರು, ಹೊಸಬರು ಬಂದರು. 2024ರ ನವೆಂಬರ್ 3ಕ್ಕೆ ಕಾಲ್ ಮತ್ತೆ ಒಂಬತ್ತೂವರೆಗೆ ಹೋಯಿತು. ಆ ಹೊತ್ತಿನ ವಾರ ಯಾರಿಗೂ ಬೇಡ. ಹೊಸ ಮ್ಯಾನೇಜರ್ ಒಬ್ಬ ಹುಡುಗನಿಗೆ ಖಾಯಂ ಒಪ್ಪಿಸಿದರು. ಬರೆದಿಡುವ ಅಭ್ಯಾಸ ಮಾತ್ರ ಉಳಿದಿದೆ ಅಂತ ಕೇಳಿದೆ. ಅವಳು ಅಷ್ಟರಲ್ಲಿ ಕಂಪನಿಯ ಒಳಗೇ ಬೇರೆ ತಂಡಕ್ಕೆ ಅರ್ಜಿ ಹಾಕಿದ್ದಳು. ಯುರೋಪಿನ ಕ್ಲೈಂಟ್, ಕಾಲ್ ಮಧ್ಯಾಹ್ನ. ಡಿಸೆಂಬರ್‌ನಲ್ಲಿ ಹೋದಳು. ಇಂಟರ್‌ವ್ಯೂನಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆ ಸಂಬಳದ್ದಲ್ಲ: "ನಿಮ್ಮಲ್ಲಿ ತೀರ್ಮಾನಗಳು ಎಷ್ಟು ಗಂಟೆಗೆ ಆಗ್ತವೆ?"

ಈ ಪ್ರಕರಣವನ್ನು ಹೊಸ ಮ್ಯಾನೇಜರ್‌ಗಳಿಗೆ ಹೇಳುವಾಗ ನಾನು ಹೆಚ್ಚು ಹೊತ್ತು ನಿಲ್ಲುವುದು ಜೂನ್ ತಿಂಗಳ ಆ ಮೊದಲ ಮಾತಿನ ಹತ್ತಿರ. "ಆರಾಮಾಗಿ ಮಾಡಿ" ಅಂದಾಗಲೇ "ಸೆಪ್ಟೆಂಬರ್ ಕೊನೆಯವರೆಗೆ, ಆಮೇಲೆ ಕಾಲ್ ನಿಮ್ಮದು" ಅಂತ ಒಂದು ಮೇಲ್ ಹೋಗಿದ್ದರೆ, ಅದು ರಿಯಾಯಿತಿ ಆಗುತ್ತಿರಲಿಲ್ಲ, ಏರ್ಪಾಡು ಆಗುತ್ತಿತ್ತು. ಕಡೆ ತಾರೀಖು ಇಲ್ಲದ ರಿಯಾಯಿತಿ ಮಾರ್ಚ್ ತಿಂಗಳಲ್ಲಿ ಸಾಲದ ಹಾಗೆ ವಸೂಲಿಗೆ ಬರುತ್ತದೆ. ಎಚ್‌ಆರ್ ಮೇಲ್ ಬಗ್ಗೆ ಕೇಳಿದರೆ, ರಾತ್ರಿ ಒಂದು ಗಂಟೆಗೆ ಬರೆಯಿರಿ, ಬರೆಯದೆ ಇರಬೇಡಿ, ಆದರೆ ಕಳಿಸುವುದು ಹಗಲಲ್ಲಿ ಇರಲಿ ಅನ್ನುತ್ತೇನೆ. ರಾತ್ರಿ ಕಾಲ್ ಸೇರಿಕೊಂಡ ಹತ್ತು ವಾರ ಪೂರ್ತಿ ವ್ಯರ್ಥ ಅಂತ ಅವಳು ಹೇಳುತ್ತಾಳೆ. ಮ್ಯೂಟ್‌ನಲ್ಲಿ ಕೂತವರು ಇಲ್ಲದವರಿಗಿಂತ ಜಾಸ್ತಿ ಕಾಣುವುದಿಲ್ಲ ಅಂತ.

2025ರ ಮಾರ್ಚ್‌ನಲ್ಲಿ ಮತ್ತೆ ಕ್ಯಾಲಿಬ್ರೇಷನ್. ಬೇರೆ ತಂಡದ ಒಬ್ಬನ ಹೆಸರು ಬಂತು. ವರ್ಷದ ನಡುವೆ ಅವನ ತಾಯಿಗೆ ಕಾಯಿಲೆಯಾಗಿತ್ತು. "ಒಳ್ಳೆ ಹುಡುಗ, ಆದರೆ ಈ ವರ್ಷ ಮನೆಯಲ್ಲಿ ಸ್ವಲ್ಪ ತೊಂದರೆ ಇತ್ತು" ಅಂದರು ಅವನ ಮ್ಯಾನೇಜರ್. ನಾನು ಅವನ ಟಿಕೆಟ್ ಪಟ್ಟಿ ಪರದೆ ಮೇಲೆ ಹಾಕಿ ಅಂದೆ. ರೂಮಿನಲ್ಲಿ ಎರಡು ಮೂರು ಜನ ಗಡಿಯಾರ ನೋಡಿದರು. ಹನ್ನೊಂದು ನಿಮಿಷ ಹಿಡಿಯಿತು. ಅವನು ಮೇಲಿನ ರೇಟಿಂಗ್‌ಗೆ ಹೋದ.

ಜಾಗ ಇದ್ದದ್ದು ಐದೇ. ಇಳಿದದ್ದು ನನ್ನ ತಂಡದ ಹುಡುಗಿ. ಏಪ್ರಿಲ್‌ನಲ್ಲಿ ಪತ್ರ ಕೊಡುವಾಗ ಅವಳು "ಎಲ್ಲಿ ಕಡಿಮೆ ಆಯ್ತು ಸರ್?" ಅಂತ ಕೇಳಿದಳು. ಎಲ್ಲೂ ಕಡಿಮೆ ಆಗಿರಲಿಲ್ಲ. ಅದನ್ನೇ ಹೇಳಿದೆ. ಅವಳು ಪತ್ರವನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡು, ನಾಲ್ಕೂವರೆ ಆಗಿದ್ದರೂ ಟೀಗೆ ನಮ್ಮ ಜೊತೆ ಬರಲಿಲ್ಲ.